ಹೆಚ್ಚಾಗಿ ಬಂದ ಬಿಲ್ಲೆ

ಗ್ಲೆನ್‌ಫಾರನ್ ಊರಿನ ಕ್ರೈಸ್ತ ಸಭೆ ಮೊದಲು ಕೂಡಿದ್ದು ಗ್ರಿಜಲ್ ಮೆಕ್‌ಫೇಲಳ ದನದ ಕೊಟ್ಟಿಗೆಯಲ್ಲಿ. ಸ್ಕಾಟ್ಲೆಂಡಿನಿಂದ ಹಡಗು ಹತ್ತಿ ನ್ಯೂಜಿಲೆಂಡಿನ ಆ ತುದಿಗೆ ಬಂದವರಿಗೆ ಆಗ ತಮ್ಮ ತಲೆಯ ಮೇಲೇ ನೆಟ್ಟಗೆ ಸೂರಿರಲಿಲ್ಲ, ಇನ್ನು ದೇವರಿಗೆಲ್ಲಿಂದ ತರುತ್ತಾರೆ? ಒಂದು ಕಡೆ ಹಸು ಮೆಲುಕು ಹಾಕುತ್ತಿದ್ದರೆ ಇನ್ನೊಂದು ಕಡೆ ಗಂಡಸರು ಟೋಪಿ ತೆಗೆದು ಕೀರ್ತನೆ ಹಾಡುತ್ತಿದ್ದರು. ಆಮೇಲೆ ಗುಡ್ಡದ ಮರ ಕಡಿದು, ಎತ್ತುಗಳಿಂದ ಎಳೆಸಿ, ಹಲಗೆಯ ಚರ್ಚು ಕಟ್ಟಿದರು. ಅದರ ನೆಲಕ್ಕೆ ಮಣ್ಣು ಹೊತ್ತಾಗ ಗ್ರಿಜಲ್ ಬಸುರಿ. ಆ ಮಗು ಉಳಿಯಲಿಲ್ಲ. ಚರ್ಚಿನ ಹಿಂದಿನ ಮೊದಲ ಗೋರಿ ಅದರದೇ.

ಅವಳ ಗಂಡ ಟಾರ್ಕ್ವಿಲ್ ಕಮ್ಮಾರ. ಸಭೆಗೆ ಸೀಸದ ಬಿಲ್ಲೆಗಳನ್ನು ಎರಕ ಹೊಯ್ದು ಕೊಟ್ಟವನು ಅವನೇ. ವರ್ಷಕ್ಕೆರಡು ಸಲ ಕರ್ತನ ಭೋಜನ, ಯೇಸುವಿನ ನೆನಪಿಗೆ ಒಂದೇ ಮೇಜಿನಲ್ಲಿ ರೊಟ್ಟಿ ಮುರಿಯುವ ದಿನ. ಹಿಂದಿನ ದಿನ ಸಭೆಯ ಹಿರಿಯರು ನಡತೆ ನೋಡಿ ಬಿಲ್ಲೆ ಕೊಡುವರು. ಬಿಲ್ಲೆ ಇದ್ದವರು ಅದನ್ನು ವಾಪಸ್ ಒಪ್ಪಿಸಿ ಮೇಜಿಗೆ, ಇಲ್ಲದವರು ಊರೆಲ್ಲ ನೋಡುವಂತೆ ಹಿಂದಿನ ಬೆಂಚಿಗೆ. ಟಾರ್ಕ್ವಿಲ್ ಸತ್ತ ಮೇಲೂ ಅಚ್ಚು ಮತ್ತು ಸೀಸ ಕರಗಿಸುವ ಕಬ್ಬಿಣದ ಸೌಟು ಕೊಟ್ಟಿಗೆಯ ಗೂಟದಲ್ಲೇ ನೇತಾಡುತ್ತಿದ್ದವು.

ಆ ಶರತ್ಕಾಲದ ಭೋಜನ ಮುಗಿದ ಮರುದಿನ ಹಿರಿಯ ಎಬೆನೇಜರ್ ಕ್ರಾಫರ್ಡ್ ಗ್ರಿಜಲಳ ಬಾಗಿಲಿಗೆ ಬಂದ. ಒಳಗೆ ಬಾ ಎಂದರೂ ಬರಲಿಲ್ಲ. ಅಂಗೈಯಲ್ಲಿ ಒಂದು ಬಿಲ್ಲೆ ಹೊಳೆಯುತ್ತಿತ್ತು.

"ಕೊಟ್ಟದ್ದಕ್ಕಿಂತ ಒಂದು ಹೆಚ್ಚು ವಾಪಸ್ ಬಂದಿದೆ. ಹೊಸದು. ಅಚ್ಚು ನಿಮ್ಮ ಮನೇದು."

"ಅಚ್ಚು ನಮ್ಮದಾದ್ರೆ ಕೈಯೂ ನಮ್ಮದೇ ಅಂತೀರಾ, ಹಿರಿಯರೇ?"

"ನಾನೇನೂ ಅನ್ನಲ್ಲ. ವಸಂತದ ಭೋಜನದೊಳಗೆ ಹೆಸರು ಹೇಳಿ. ಇಲ್ಲಾಂದ್ರೆ ನಿಮಗೂ ಬಿಲ್ಲೆ ಇಲ್ಲ."

ತಾನು ಮಣ್ಣು ಹೊತ್ತ ಚರ್ಚಿನಲ್ಲಿ ತನಗೇ ಹಿಂದಿನ ಬೆಂಚು! ಗ್ರಿಜಲ್ ನೇರ ಕೊಟ್ಟಿಗೆಗೆ ಹೋಗಿ ಸೌಟು ಇಳಿಸಿ ನೋಡಿದಳು. ತಳದಲ್ಲಿ ಬೂದುಬಣ್ಣದ ಹೊಸ ಪೊರೆ ಅಂಟಿತ್ತು.

ಮನೆಯಲ್ಲಿ ಇದ್ದದ್ದು ಇಬ್ಬರೇ, ಅವಳು ಮತ್ತು ನಾದಿನಿ ಮಾರ್ಸಲಿ. ಯಾರದೋ ಮದುವೆಯಲ್ಲಿ ಪಿಟೀಲಿಗೆ ಕುಣಿದದ್ದಕ್ಕೆ ಮಾರ್ಸಲಿಗೆ ಬಿಲ್ಲೆ ನಿಂತು ವರ್ಷಗಳೇ ಆಗಿದ್ದವು. ತಪ್ಪಾಯ್ತು ಅಂದರೆ ಸಾಕಿತ್ತು, ಅವಳು ಅನ್ನಲಿಲ್ಲ. ಭೋಜನದ ದಿನ ತಲೆಗೆ ಶಾಲು ಹೊದ್ದು ಹಿಂದೆ ಕೂತಿದ್ದಳು. ಆದರೆ ಮೇಜಿಗೆ ಹೋಗುವ ಗದ್ದಲದಲ್ಲಿ ಶಾಲು ಹೊದ್ದವರು ಎಷ್ಟು ಮಂದಿ! ಗ್ರಿಜಲ್ ತಿರುಗಿ ನೋಡಿದವಳಲ್ಲ.

ಆ ಚಳಿಗಾಲವಿಡೀ ಗ್ರಿಜಲ್ ನಾದಿನಿಯ ಬೆನ್ನನ್ನೇ ನೋಡಿದಳು. ಅವಳು ಕೊಟ್ಟಿಗೆಗೆ ಹೋದರೆ ಇವಳಿಗೂ ಅಲ್ಲೇ ಕೆಲಸ. ಅವಳು ಪ್ರಾರ್ಥನೆ ಹೇಳಿದರೆ ಇವಳು ಅರೆಗಣ್ಣು ಬಿಟ್ಟು ನೋಡುವಳು. ಓಟ್ಸ್ ಗಂಜಿ ಕುಡಿಯುವಾಗಲೂ ಕಣ್ಣು ಅವಳ ಮೇಲೇ. ಕೊನೆಗೊಂದು ದಿನ ಮಾರ್ಸಲಿ ಬಟ್ಟಲು ಕುಕ್ಕಿದಳು.

"ಏನತ್ತಿಗೆ, ನನ್ನ ಮುಖದ ಮೇಲೆ ಸೀಸ ಮೆತ್ಕೊಂಡಿದ್ಯಾ? ಹಂಗ್ ನೋಡ್ತೀಯ!"

"ಸೌಟಿನ ಮೇಲಂತೂ ಮೆತ್ಕೊಂಡಿದೆ."

"ಅದಕ್ಕೆ ನಾನು ಕಳ್ಳಿನಾ? ಕಳ್ಳಬಿಲ್ಲೆ ತಗೊಂಡು ಕರ್ತನ ರೊಟ್ಟಿ ತಿನ್ನೋಳಾಗಿದ್ರೆ ಸುಮ್ನೆ ಒಂದು ತಪ್ಪಾಯ್ತು ಅಂದು ಒಳ್ಳೇ ಬಿಲ್ಲೇನೇ ಇಸ್ಕೊಳ್ತಿರ್ಲಿಲ್ವಾ? ಆ ಕ್ರಾಫರ್ಡನ ಹೆಂಡ್ತಿ ಭೋಜನಕ್ಕೆ ಮುಂಚೆ ಕುರಿಕೊಬ್ಬು ಕರಗಿಸ್ತೀನಿ, ಬತ್ತಿ ಮಾಡ್ತೀನಿ ಅಂತ ನಿನ್ನ ಸೌಟು ಒಯ್ದಿದ್ಲಲ್ಲ, ಅವಳನ್ನ ಹೋಗಿ ನೋಡು. ಅಚ್ಚು ನೇತಾಡೋ ಕೊಟ್ಟಿಗೆಗೆ ತಾನೇ ಹೋಗಿ ಇಳಿಸ್ಕೊಂಡ್ಲು, ತಾನೇ ತಂದು ನೇತು ಹಾಕಿದ್ಲು. ಅಷ್ಟು ಮರ್ಯಾದಸ್ಥೆ!"

ಹಿರಿಯನ ಹೆಂಡತಿಯೇ? ಮಾರ್ಸಲಿ ದಾರಿ ತಪ್ಪಿಸುತ್ತಿದ್ದಾಳೆ ಎಂದೇ ಗ್ರಿಜಲ್ ಅಂದುಕೊಂಡಳು. ಆದರೂ ಕ್ರಾಫರ್ಡ್ ಹೊಲದಲ್ಲಿದ್ದ ಹೊತ್ತು ನೋಡಿ ಅವನ ಮನೆಗೆ ಹೋದಳು. ಅವನ ಹೆಂಡತಿ ಬೆಥಿಯಾ ಹಿಟ್ಟು ನಾದುತ್ತಿದ್ದಳು.

"ಬತ್ತಿ ಚೆನ್ನಾಗಿ ಬಂದ್ವಾ, ಬೆಥಿಯಾ?"

"ಯಾವ ಬತ್ತಿ, ಗ್ರಿಜಲಕ್ಕ?"

ಅಷ್ಟು ಸಾಕಾಯಿತು. ಬೆಥಿಯಾ ಹಿಟ್ಟಿನ ಕೈಯಲ್ಲೇ ಬಾಗಿಲು ಹಾಕಿ ಬಂದಳು. ಅವರ ಮಗಳು ಈ ಸಭೆಗೆ ಆಗದ ಕ್ಯಾಥೊಲಿಕ್ ಪಂಥದ ಹುಡುಗನನ್ನು ಮದುವೆಯಾಗಿದ್ದು ಊರಿಗೆ ಗೊತ್ತಿತ್ತು. ಆ ಮಗಳ ಬಾಣಂತನಕ್ಕೆ ತಾಯಿ ಕದ್ದು ಹೋಗಿಬಂದದ್ದು ಗೊತ್ತಿರಲಿಲ್ಲ.

"ಅದು ಗೊತ್ತಾಗಿ ನಮ್ಮ ಯಜಮಾನ್ರು ನನಗೇ ಬಿಲ್ಲೆ ಇಲ್ಲ ಅಂದ್ರು. ಹೊರಗೆ ಯಾರಿಗೂ ಹೇಳ್ಲಿಲ್ಲ. ಹೋದ ಸಲ ನಾನು ಜ್ವರ ಬಂದು ಮನೇಲೇ ಇದ್ದೀನಿ ಅಂದ್ಕೊಂಡಿದ್ರು. ಶಾಲು ಮುಚ್ಕೊಂಡು ಮೇಜಿನ ಕೊನೇ ಸಾಲಲ್ಲಿ ನುಗ್ಗಿ ಕೂತುಬಿಟ್ಟೆ. ಹೇಳ್ಬೇಡ ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ."

"ನಾನು ಯಾರಿಗೂ ಮಾತು ಕೊಡೋಳಲ್ಲ," ಎಂದು ಗ್ರಿಜಲ್ ಎದ್ದುಬಂದಳು.

ವಸಂತದ ಶನಿವಾರ ಬಂತು. ಬಿಲ್ಲೆಯ ಚೀಲ ಹಿಡಿದು ನಿಂತಿದ್ದ ಕ್ರಾಫರ್ಡ್ ಅವಳ ಸರದಿ ಬಂದಾಗ ಕೈ ತಡೆದ.

"ಹೆಸರು?"

"ಗೊತ್ತಿದೆ. ಹೇಳೋಳು ನಾನಲ್ಲ. ಮಾಡಿದವರೇ ಹೇಳ್ಲಿ."

"ಹಾಗಾದ್ರೆ ಹೋಗಿ."

ದಾರಿಯಲ್ಲಿ ಮಾರ್ಸಲಿ ಉರಿದುಬಿದ್ದಳು. "ಹೇಳಿ ಬರೋದಲ್ವಾ! ಅವಳ ಮಾನ ನಿನ್ನ ಮಾನಕ್ಕಿಂತ ದೊಡ್ಡದಾ?"

"ನಿನ್ನ ಮೇಲೆ ಒಂದು ಚಳಿಗಾಲ ಅನುಮಾನ ಪಟ್ಟೆನಲ್ಲ, ಗಂಜಿ ರುಚಿಯೇ ಹೋಯ್ತು. ಇನ್ನೊಂದು ಮನೇಲಿ ಅದನ್ನ ನಾನ್ಯಾಕೆ ಹಚ್ಚಲಿ? ಆದ್ರೆ ಅವಳೇನೂ ಬಾಯಿ ಬಿಡಲ್ಲ, ನೋಡ್ತಿರು. ತಲೆನೋವು ಅಂತ ನಾಳೆ ಹಾಸಿಗೆ ಹಿಡೀತಾಳೆ."

ಭಾನುವಾರ ಗ್ರಿಜಲ್ ಹಿಂದಿನ ಬೆಂಚಿನಲ್ಲಿ ನಾದಿನಿಯ ಪಕ್ಕ ಕೂತಳು. ಜನ ತಿರುಗಿ ತಿರುಗಿ ನೋಡಿದರು. ಬೆಥಿಯಾ ಬಂದಳು. ಹಾಸಿಗೆ ಹಿಡಿದಿರಲಿಲ್ಲ. ಮುಂದಿನ ಸಾಲಿಗೆ ಹೋಗದೆ, ಬಂದು ಗ್ರಿಜಲಳ ಪಕ್ಕ ಕೂತಳು. ಮನೆಯ ಗುಟ್ಟು ಬಯಲಾದೀತೆಂದು ಕ್ರಾಫರ್ಡ್ ಮೇಜಿನ ಹತ್ತಿರದಿಂದ ಕೆಳದನಿಯಲ್ಲಿ ಗದರಿದ.

"ಬೆಥಿಯಾ, ನಿನ್ನ ಜಾಗ ಇಲ್ಲಿ."

"ನೀವು ನನಗೆ ಬಿಲ್ಲೆ ಕೊಟ್ಟಿಲ್ವಲ್ಲ," ಎಂದಳು ಬೆಥಿಯಾ. ಅದು ಎಲ್ಲರಿಗೂ ಕೇಳಿಸಿತು. "ಹೋದ ಸಲಾನೂ ಕೊಟ್ಟಿರ್ಲಿಲ್ಲ. ಆ ಹೆಚ್ಚಿನ ಬಿಲ್ಲೆ ನಾನು ಹೊಯ್ದಿದ್ದು."

ಬೋಧಕರು ಬೈಬಲ್ ಮುಚ್ಚಿದರು. ಕ್ರಾಫರ್ಡನ ಮುಖ ಬೂದಿಯಾಯಿತು. ಅವನು ಹಿಂದಿನ ಬೆಂಚಿಗೆ ಬಂದು, ಚೀಲದಿಂದ ಒಂದು ಬಿಲ್ಲೆ ತೆಗೆದು, ಹೆಂಡತಿಯ ಕಡೆ ನೋಡದೆ, ಗ್ರಿಜಲಳ ಮುಂದೆ ಹಿಡಿದ.

ಗ್ರಿಜಲ್ ತೆಗೆದುಕೊಂಡಳು. ಅದು ಅವಳದಾಗಿತ್ತು. ಎದ್ದು ಹೋಗಿ ಮೇಜಿನ ಮುಂದೆ ಕೂತಳು, ರೊಟ್ಟಿ ಮುರಿದಳು. ಒಮ್ಮೆ ಹಿಂದೆ ತಿರುಗಿದಾಗ, ತಾನು ಎದ್ದ ಜಾಗಕ್ಕೆ ಮಾರ್ಸಲಿ ಜರುಗಿ, ಬೆಥಿಯಾಳಿಗೆ ತೋಳು ತಾಗುವಷ್ಟು ಹತ್ತಿರ ಕೂತಿದ್ದಳು. ಇಬ್ಬರೂ ಏನೋ ಪಿಸುಗುಡುತ್ತಿದ್ದರು. ತನ್ನ ಬಗ್ಗೆಯೇ ಇರಬೇಕು ಎಂದು ಗ್ರಿಜಲಳಿಗೆ ರೊಟ್ಟಿ ಗಂಟಲಿಳಿಯುವ ತನಕ ಅನುಮಾನ.