ಉಪವಾಸದ ಮಕ್ಕಳಿಗೆ ಗಂಜಿ ಒಯ್ದ ಉರ್ಸುಲಾಬಾಯಿ

ಉರ್ವ ಮಾರುಕಟ್ಟೆಯ ಹಿಂದೆ ಇನ್ನೂ ಬೆಳಕು ಹರಿದಿಲ್ಲ. ಉರ್ಸುಲಾಬಾಯಿ ತಮ್ಮ ಗಂಜಿಯಂಗಡಿಯ ಒಲೆಗೆ ತೆಂಗಿನ ಗರಿ ತುರುಕಿ ಊದುತ್ತಾರೆ. ಕುಚ್ಚಲಕ್ಕಿ ಕೊತಕೊತ ಕುದಿಯುತ್ತದೆ. ಮೊದಲ ಗಿರಾಕಿ ಕೈಗಾಡಿಯ ಇದಿನಬ್ಬ.

“ಎಂತ ಬಾಯಿ, ಇವತ್ತು ಯಾರ ಉಪವಾಸ ಮುರಿಸ್ಲಿಕ್ಕೆ ಉಂಟು?”

“ನಿನ್ನದೇ ಮಾರಾಯ. ಕೂತ್ಕೊ, ಬಾಯಿ ಸುಟ್ರೆ ನನ್ನನ್ನು ಬೈಬೇಡ.”

ದಿನವೂ ನಡೆಯುವ ಈ ತಮಾಷೆಯ ಹಿಂದೆ ಒಂದು ನೌಕರಿ ಹೋದ ಕಥೆ ಇದೆ.

ಹೋದ ವರ್ಷದವರೆಗೆ ಅವರು ನಗರದ ಕಾಲೇಜೊಂದರ ಹಾಸ್ಟೆಲಿನಲ್ಲಿ ಅಡುಗೆಯವರು. ಗಂಡ ಮೊರಿಸ್ ಹಂಚಿನ ಕಾರ್ಖಾನೆಯಲ್ಲಿ ಕೈ ಮುರಿದುಕೊಂಡ ಮೇಲೆ ಮನೆ ನಡೆದದ್ದು ಆ ಸೌಟಿನಿಂದಲೇ. ಮಾರ್ಚಿನಲ್ಲಿ, ಸಭೆಯಲ್ಲಿ ಆಡಳಿತದವರಿಗೆ ಎದುರು ಮಾತಾಡಿದ ವಿದ್ಯಾರ್ಥಿಯೊಬ್ಬನನ್ನು ಕಾಲೇಜು ಹೊರಹಾಕಿತು. ಅವನನ್ನು ಮರಳಿ ಸೇರಿಸಿಕೊಳ್ಳಿ ಎಂದು ಹಾಸ್ಟೆಲಿನ ಹುಡುಗರು ಗೇಟಿನ ಬಳಿ ಉಪವಾಸ ಕೂತರು. ಮುಂದಾಳು ಸರ್ವೋತ್ತಮ.

ಅದು ಈಸ್ಟರಿಗೆ ಮುಂಚಿನ ತಪಸ್ಸುಕಾಲ, ಕ್ರೈಸ್ತರ ಉಪವಾಸದ ದಿನಗಳು. ಉರ್ಸುಲಾಬಾಯಿಗೆ ಹುಟ್ಟಿದಂದಿನಿಂದ ಗೊತ್ತಿದ್ದ ಉಪವಾಸ ಒಂದೇ: ಬೆಳಿಗ್ಗೆ ಏನಿಲ್ಲ, ಮಧ್ಯಾಹ್ನ ಒಂದು ಊಟ. ಇಗರ್ಜಿಯ ಮಧ್ಯಾಹ್ನದ ಗಂಟೆ ಹೊಡೆದದ್ದೇ ತಡ, ಗಂಜಿಯ ಪಾತ್ರೆ ತಲೆಯ ಮೇಲಿಟ್ಟುಕೊಂಡು ಗೇಟಿಗೆ ನಡೆದರು.

“ಗಂಟೆ ಆಯ್ತಲ್ಲ ಮಕ್ಕಳೇ, ಇನ್ನು ಉಣ್ಬಹುದು!”

ಹಸಿದ ಒಬ್ಬ ಬಟ್ಟಲು ಹಿಡಿದೇಬಿಟ್ಟ. ಸರ್ವೋತ್ತಮ ಅದನ್ನು ಕಿತ್ತೆಸೆದ. “ಆಡಳಿತದವರು ಕಳಿಸಿದ್ದಾ? ಉಪವಾಸ ಕೆಡಿಸ್ಲಿಕ್ಕೆ ನಿಮಗೆಷ್ಟು ಕೊಟ್ರು?”

ಸಂಜೆ ವಾರ್ಡನ್ ಕರೆಸಿದರು. ಹಾಸ್ಟೆಲಿನ ಗಂಜಿಯನ್ನು ಚಳವಳಿಗಾರರಿಗೆ ಹಂಚಿದವಳಿಗೆ ಇಲ್ಲಿ ಕೆಲಸವಿಲ್ಲ ಎಂದರು. “ಅವರ ಪಾಲಿನದ್ದೇ ಅಲ್ವಾ ಸಾರ್?” ಎಂದಾಗ ಅವರು ಅಡುಗೆಮನೆಯ ಬೀಗದಕೈ ಕೇಳಿ ತೆಗೆದುಕೊಂಡರು.

ಚಳವಳಿ ಗೆದ್ದಿತು. ಹೊರಹಾಕಿದವ ಹಾರ ಹಾಕಿಸಿಕೊಂಡು ಒಳಗೆ ಬಂದ. ಒಬ್ಬನಿಗಾದ ಅನ್ಯಾಯಕ್ಕೆ ಗಂಟಲು ಹರಿದುಕೊಂಡ ಅಷ್ಟು ಜನರಲ್ಲಿ ಒಬ್ಬನಿಗೂ, ತಮಗೆ ದಿನವೂ ಬಡಿಸಿದವಳು ಹೊರಗೆ ಬಿದ್ದದ್ದು ಕಾಣಲಿಲ್ಲ. ಓದಿ ದೊಡ್ಡವರಾಗುವವರಿಗೆ ಇದು ಚಿಕ್ಕ ಸಂಗತಿ ಇರಬೇಕು!

ಈಗ ಬಿಸಿಲೇರುವುದರೊಳಗೆ ಪಾತ್ರೆ ಬರಿದಾಗುತ್ತದೆ. ಮೀನು ಹೊರುವವರು, ಬಸ್ಸಿನವರು ಬಟ್ಟಲು ತಾವೇ ತೊಳೆದಿಟ್ಟು ಹೋಗುತ್ತಾರೆ. ಹಾಸ್ಟೆಲಿನ ಕೆಲಸ ಮತ್ತೆ ಬೇಡವೇ ಎಂದರೆ ಉರ್ಸುಲಾಬಾಯಿ ಬೇಡವೆಂದು ತಲೆಯಾಡಿಸುತ್ತಾರೆ.

“ಕೆಲಸ ಹೋದ್ರೆ ಹೋಯ್ತು. ದುಡ್ಡು ತಿಂದು ಬಂದವಳು ಅಂದ್ರಲ್ಲ, ಅದು ಮಾತ್ರ ಗಂಟಲಲ್ಲಿ ಇಳಿಯುದಿಲ್ಲ. ಆ ಸರ್ವೋತ್ತಮ ಒಂದು ದಿನ ಬಂದು, ಇಲ್ಲಿ ಕೂತು, ಒಂದು ಬಟ್ಟಲು ಕುಡೀಲಿ. ಅಷ್ಟೇ.”

ಸೌಟನ್ನು ಪಾತ್ರೆಯ ಅಂಚಿಗೆ ತಟ್ಟಿ ಸೇರಿಸುತ್ತಾರೆ: “ಮಧ್ಯಾಹ್ನದ ಗಂಟೆ ಹೊಡೀಲಿಕ್ಕೆ ಕಾಯ್ಬೇಕಂತ ಇಲ್ಲ.”