ಹುಳುಮನೆಯ ತಂಪು

ಮೊಮ್ಮಗಳಿಗೆ ನಾಲ್ಕು ತಿಂಗಳಿಂದ ಜ್ವರ ಬಂದಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು, ಆದರೂ ಈ ಸಂತೋಷವನ್ನು ಬರೆಯದೆ ಇರಲಾರೆ.

ಮೂರು ವರ್ಷದ ಕೂಸು. ಇದ್ದಕ್ಕಿದ್ದಂತೆ ಮೈಯೆಲ್ಲ ಕೆಂಪು ದದ್ದು, ಕಣ್ಣು ಕೆಂಪು, ಜ್ವರ. ಒಂದು ದಿನ ಇದ್ದು ತಾನಾಗಿ ಇಳಿಯುತ್ತಿತ್ತು. ದಿಬ್ಬೂರಹಳ್ಳಿಯಲ್ಲಿ ರೇಷ್ಮೆಹುಳು ಸಾಕುವವರು ನಾವು. ಹುಳುವಿಗೆ ರೋಗ ಬಂದರೆ ನಾವು ಮೊದಲು ಕೇಳುವುದೇ, ‘ಒಳಗೆ ಯಾರು ಬಂದಿದ್ದರು?’ ಅಂತ. ಮಗುವಿನ ವಿಷಯದಲ್ಲೂ ಹಾಗೇ ಕೇಳಿಕೊಂಡೆ. ಮೊದಲ ಸಲ ಜ್ವರ ಬಂದದ್ದು ಚಳಿಗಾಲದಲ್ಲಿ, ಸೊಸೆಯ ತಾಯಿ ತೊಂಡೇಬಾವಿಯಿಂದ ಅವರೆಕಾಯಿ ಹೊತ್ತು ಬಂದ ದಿನ. ಎರಡನೇ ಸಲವೂ ಅವರಿದ್ದರು. ಇನ್ನೇನು ಬೇಕು? ಅವರೆಕಾಯನ್ನು ಎಮ್ಮೆಗೆ ಹಾಕಿದೆ. ಮುಂದಿನ ಸಲ ಬಂದಾಗ, ರೋಗ ಒಳಗೆ ಬರದಿರಲಿ ಅಂತ ಹುಳುಮನೆಗೆ ಮಾಡುವಂತೆ ಬಾಗಿಲಲ್ಲಿ ಸುಣ್ಣದ ಪುಡಿ ಹರಡಿ, ತುಳಿದು ಬನ್ನಿ ಅಂದೆ.

“ನಾನೇನು ಹುಳು ನೋಡಕ್ಕೆ ಬಂದಿದ್ದೀನಾ ಬೀಗಿತ್ತಮ್ಮ?”

“ನಮ್ಮನೇಲಿ ಎಲ್ಲಾರ್ಗೂ ಒಂದೇ ಕಾನೂನು ಕಣಮ್ಮ.”

ಬೇಸಿಗೆಯಲ್ಲಿ ಅವರು ಬಂದರೆ ಮಗುವನ್ನು ಹುಳುಮನೆಗೆ ಒಯ್ದುಬಿಡುತ್ತಿದ್ದೆ. ಹೊರಗಿನವರು ಅಲ್ಲಿಗೆ ಕಾಲಿಡುವಂತಿಲ್ಲ. ಕಿಟಕಿಗೆಲ್ಲ ನೆನೆಸಿದ ಗೋಣಿತಾಟು ಕಟ್ಟಿ ತಣ್ಣಗಿಟ್ಟಿರುತ್ತೇವೆ. ಅಲ್ಲೇ ಮಲಗಿಸುತ್ತಿದ್ದೆ. ಸಂಜೆಗೆ ದದ್ದು! ಮಗುವನ್ನು ಮುಟ್ಟದೇನೇ ಬೀಗಿತ್ತಿ ಹೀಗೆ ಮಾಡಿದಳಲ್ಲ ಅಂದುಕೊಳ್ಳುತ್ತಿದ್ದೆ.

ಚಿಕ್ಕಬಳ್ಳಾಪುರದ ಆಸ್ಪತ್ರೆಯವರು ಬೆಂಗಳೂರಿಗೆ ಕಳಿಸಿದರು. ಅಲ್ಲಿ ರಕ್ತ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಡಾಕ್ಟರಮ್ಮ ಹೇಳಿದರು: “ಅಜ್ಜಿ, ಜೀವಕೋಶದೊಳಗೆ ಇನ್‌ಫ್ಲಮಸೋಮ್ ಅಂತ ಒಂದು ಕಾವಲಿದೆ. ರೋಗಾಣು ನುಗ್ಗಿದ್ರೆ ಅದು ಕೂಗಿ ಜ್ವರ ಎಬ್ಬಿಸುತ್ತೆ, ಒಳ್ಳೇದೇ. ಈ ಮಗೂದು ಹುಟ್ಟಿನಿಂದ್ಲೇ ಸರಿಯಿಲ್ಲ. ತಣ್ಣನೆ ಗಾಳಿ ಸೋಕಿದ್ರೂ ಕೂಗುತ್ತೆ.”

“ಯಾರೂ ತಂದು ಹಾಕಿದ್ದಲ್ವಾ?”

“ಯಾರೂ ಅಲ್ಲ.”

ಡಾಕ್ಟರ ಮೇಲೂ ಅನುಮಾನ ಬಂತು, ಬೀಗಿತ್ತಿ ಮೊದಲೇ ಮಾತಾಡಿಕೊಂಡಿರಬಹುದೇ ಅಂತ. ಅಷ್ಟರಲ್ಲಿ ಸೊಸೆ ಮೆಲ್ಲಗೆ ಅಂದಳು, “ಅತ್ತೆ, ತಂಪಲ್ಲಿ ಮಲಗಿಸ್ತಿದ್ದೋರು ಯಾರು?”

ನಾನು ಮಗುವಿಗೆ ಸೆರಗು ಹೊದಿಸಿದೆ.

ಆ ಕೂಗು ಅಡಗಿಸುವ ಇಂಜೆಕ್ಷನ್ ಶುರುವಾಯಿತು. ಸೂಜಿಯನ್ನೂ ಅನುಮಾನದಿಂದಲೇ ನೋಡಿದೆ; ಹಣೆ ಮುಟ್ಟಿ ಮುಟ್ಟಿ ಮಗುವಿಗೆ ಬೇಸರ ಮಾಡಿದೆ. ಜ್ವರ ಬರಲೇ ಇಲ್ಲ. ಈ ಚಳಿಗಾಲದಲ್ಲೂ ಸ್ವೆಟರ್ ಹಾಕಿಕೊಂಡು ಅಂಗಳದ ತುಂಬ ಓಡುತ್ತಿದ್ದಾಳೆ, ಬಂಗಾರದಂಥವಳು!

ಮೊನ್ನೆ ಬೀಗಿತ್ತಿಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡೆ. ಅವರು ನಕ್ಕುಬಿಟ್ಟರು.

“ಬಿಡಿ ಬೀಗಿತ್ತಮ್ಮ. ನಂಗೂ ನಿಮ್ಮ ಮೇಲೇ ಅನುಮಾನ ಇತ್ತು. ಆ ಹುಳುಮನೇಲೇ ಏನೋ ಐತೆ ಅಂತಿದ್ದೆ.”

ಅವರ ಅನುಮಾನವೇ ನಿಜಕ್ಕೆ ಹತ್ತಿರವಿತ್ತು. ಅದೊಂದನ್ನು ಮಾತ್ರ ಅವರೆದುರು ಒಪ್ಪಿಕೊಳ್ಳಲಿಲ್ಲ.