ಹೊಟ್ಟೆ ಓದುವ ಡಾಕ್ಟರು

ನಮ್ಮ ಆಸ್ಪತ್ರೆಯ ಎಕ್ಸ್‌ರೇ ಡಾಕ್ಟರು ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಕನ್ನಡಕ ಹಣೆಗೇರಿಸಿ ನಿಂತರೆಂದರೆ ಗೋಡೆ ಗಡಿಯಾರವೂ ಮೆಲ್ಲಗೆ ನಡೆಯುತ್ತದೆ. ಮೂಳೆ ನೋಡಲು ಅವರಿಗೆ ಒಂದು ಗುಟುಕು ಟೀ ಕುಡಿಯುವಷ್ಟು ಹೊತ್ತು ಸಾಕು. ಹೊಟ್ಟೆಯಾದರೆ ಲೋಟದ ಟೀ ಪೂರ್ತಿ ಆರಿಹೋಗಬೇಕು. ಮೊನ್ನೆ, ಹೊಟ್ಟೆ ಉಬ್ಬಿ ನರಳುತ್ತಿದ್ದ ಅಜ್ಜಿಯೊಬ್ಬರ ಫಿಲ್ಮ್ ತಂದ ಹೊಸ ಡಾಕ್ಟರು, "ಗ್ಯಾಸ್ ಅನ್ಸುತ್ತೆ ಸರ್, ಮಾತ್ರೆ ಕೊಟ್ಟು ಕಳಿಸ್ಲಾ?" ಎಂದರು. "ಗ್ಯಾಸೇ. ಆದ್ರೆ ಅದು ಹೊರಗೆ ಬರೋಕೆ ದಾರಿ ಎಲ್ಲಿದೆ, ತೋರ್ಸಿ," ಎಂದು ಇವರು ಫಿಲ್ಮಿನ ಮೇಲೆ ಕಿಬ್ಬೊಟ್ಟೆಯಿಂದ ಎದೆಗೂಡಿನವರೆಗೆ ಬೆರಳೆಳೆದರು. ಹೊಟ್ಟೆ ತುಂಬ ಒಂದೇ ಒಂದು ದೊಡ್ಡ ಕಾಫಿ ಬೀಜದ ಆಕಾರ, ನಡುವೆ ಸೀಳಿದಂಥ ಗೆರೆ. "ಕರುಳು ತಿರುಚಿಕೊಂಡಿದೆ. ಈ ಬೀಜ ಕಂಡ್ರೆ ನಿಂತು ಮಾತಾಡಬಾರ್ದು, ಸರ್ಜನ್ ಹತ್ರ ಓಡಬೇಕು." ಸರ್ಜನ್ ಕೊಳವೆ ಹಾಕಿ ತಿರುಚು ಬಿಡಿಸಿ, ಗಾಳಿಯೆಲ್ಲ ಹೋಗಿ ಹೊಟ್ಟೆ ಇಳಿಯುವವರೆಗೂ, ಎಂದೂ ವಾರ್ಡಿನ ಕಡೆ ಸುಳಿಯದ ಈ ಮನುಷ್ಯ ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಮಂಚದ ಬಳಿ ಹೋಗಿ, ಸರಿಯಾಗಿಯೇ ಇದ್ದ ಹೊದಿಕೆಯನ್ನು ಸರಿಮಾಡಿದರು. "ನೀವ್ಯಾರಪ್ಪಾ?" ಎಂದು ಅಜ್ಜಿ ಕೇಳಿದರು. "ನಿಮ್ಮ ಫೋಟೋ ನೋಡಿದೋನು." "ಚೆನ್ನಾಗಿ ಬಂದಿತ್ತಾ?" "ಚೆನ್ನಾಗೇ ಬಂದಿತ್ತಜ್ಜಿ. ಮುಖ ಒಂದು ಬಂದಿರ್ಲಿಲ್ಲ, ನೋಡ್ಕೊಂಡು ಹೋಗೋಣ ಅಂತ ಬಂದೆ," ಎಂದರು ಡಾಕ್ಟರು.